ಎಲ್ಲಿಗೋ ಹೋಗಿ ಬರುವ ಜಿಂಗಲ್ ಬೆಲ್ಸ್

ಕಳೆದ ಡಿಸೆಂಬರಿನ ಒಂದು ಸಂಜೆ ಫ್ರೇಜರ್ ಟೌನಿನ ಬೇಕರಿಯೊಂದರ ಮುಂದೆ ಪ್ಲಮ್ ಕೇಕಿಗೆಂದು ಸಾಲಿನಲ್ಲಿ ನಿಂತಿದ್ದೆ. ಒಳಗಿನ ಸ್ಪೀಕರಿನಲ್ಲಿ ಹ್ಯಾಮಂಡ್ ಆರ್ಗನ್ ನುಡಿಯುತ್ತಿತ್ತು. ಮೊದಲು ಮಕ್ಕಳಿಗೂ ಗುರುತು ಸಿಗುವ ಹಾಗೆ 'ಜಿಂಗಲ್ ಬೆಲ್ಸ್' ಬಂತು. ಆಮೇಲೆ ಆರ್ಗನ್ನಿನವನು ಲಯ ಬಿಡಲಿಲ್ಲ, ಹಾಡನ್ನು ಬಿಟ್ಟುಬಿಟ್ಟ. ನನ್ನ ಮುಂದೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ ಹಿರಿಯರೊಬ್ಬರು ತಿರುಗಿ, "ಇದು ಜಿಂಗಲ್ ಬೆಲ್ಸೇ ತಾನೇ? ಎಲ್ಲಿಗೋ ಹೋಗ್ಬಿಡ್ತಲ್ಲ" ಅಂದರು. ಸಾಲು ನಾಲ್ಕು ಹೆಜ್ಜೆ ಮುಂದೆ ಸರಿಯುವಷ್ಟರಲ್ಲಿ ಹಳೆಯ ಮಟ್ಟು ಮತ್ತೆ ಕೇಳಿಸಿತು. "ಬಂತು ನೋಡಿ" ಅಂತ ಅವರೇ ನಕ್ಕರು.

ಜಾಝ್ ಅಂದರೇನು ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ನಾನು ಈ ಎರಡು ಮಾತು ಹೇಳಿ ಸುಮ್ಮನಾಗುತ್ತೇನೆ. ಅವರ ಮಾತಿನಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಹಾಡು ಎಲ್ಲಿಗೋ ಹೋಯಿತು ಅನ್ನಿಸಬೇಕಾದರೆ ಅದರ ಮನೆ ಎಲ್ಲಿ ಎನ್ನುವುದು ಕೇಳುವವರಿಗೆ ಮೊದಲೇ ಗೊತ್ತಿರಬೇಕು. ಜಾಝ್ ಕೇಳುವ ಹೆಚ್ಚಿನವರಿಗೆ ಇವತ್ತು ಅದು ಗೊತ್ತಿರುವುದಿಲ್ಲ. ವರ್ಷದಲ್ಲಿ ಒಂದು ತಿಂಗಳು ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ. ಅಮೆರಿಕದ ಜಾಝ್ ಕಲಾವಿದರು ಕ್ರಿಸ್‌ಮಸ್ ಆಲ್ಬಂ ಮಾಡುವುದು ಬರೀ ದುಡ್ಡಿಗೆ ಎಂದು ಮೂಗು ಮುರಿಯುವವರಿದ್ದಾರೆ. ದುಡ್ಡಿಗೂ ಹೌದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈ ಸಂಗೀತ ಕೆಲಸ ಮಾಡುವ ರೀತಿಗೂ ಆ ಹಬ್ಬದ ಹಾಡುಗಳಿಗೂ ಇರುವ ನಂಟು ದುಡ್ಡಿಗಿಂತ ಹಳೆಯದು.

ಜಾಝ್ ತಂಡವೊಂದು ಹಾಡನ್ನು ಕೈಗೆತ್ತಿಕೊಂಡರೆ ಮೊದಲು ಮೂಲ ಮಟ್ಟನ್ನು ಒಮ್ಮೆ ನುಡಿಸುತ್ತದೆ. ಅವರ ಭಾಷೆಯಲ್ಲಿ ಅದು 'ಹೆಡ್'. ಆಮೇಲೆ ಮಟ್ಟನ್ನು ಕೈಬಿಡುತ್ತಾರೆ, ಅದರ ಅಡಿಯಲ್ಲಿ ಹರಿಯುತ್ತಿದ್ದ ಕಾರ್ಡ್‌ಗಳ ಸಾಲನ್ನು ಮಾತ್ರ ಬಿಡುವುದಿಲ್ಲ. ಕಾರ್ಡ್ ಅಂದರೆ ಒಟ್ಟಿಗೇ ನುಡಿಯುವ ಮೂರೋ ನಾಲ್ಕೋ ಸ್ವರಗಳ ಗೊಂಚಲು. ಬಾರ್ ಅಂದರೆ ಕೆಲವು ಮಾತ್ರೆಗಳ ಒಂದು ಅಳತೆ; ಹಾಡು 32 ಬಾರ್ ಇದ್ದರೆ ಕಾರ್ಡ್‌ಗಳ ಸಾಲೂ 32 ಬಾರ್‌ಗೆ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬರುತ್ತದೆ, ನಮ್ಮ ತಾಳದ ಆವರ್ತದ ಹಾಗೆ. ಆ ಸುತ್ತಿನ ಮೇಲೆ ಒಬ್ಬೊಬ್ಬರೇ ಸರದಿಯಂತೆ ತಮ್ಮ ಕಲ್ಪನೆಯಿಂದ ಹೊಸ ಮಟ್ಟು ಕಟ್ಟುತ್ತಾರೆ. ಕಡೆಯಲ್ಲಿ ಮತ್ತೆ ಹೆಡ್, ಹಾಡು ಮುಗಿಯಿತು. ಕಚೇರಿಯಲ್ಲಿ ನೆರವಲ್ ಕೇಳಿ ಅಭ್ಯಾಸವಿದ್ದವರಿಗೆ ಇದು ಹೊಸ ತಿಂಡಿಯೇನಲ್ಲ. ಸಾಹಿತ್ಯದ ಸಾಲು ಬಾಯಿಗೆ ಬರುವ ರಸಿಕನಿಗೆ ಗಾಯಕ ಅದನ್ನು ಎಳೆದಾಡಿದಾಗ ಸಿಗುವ ಖುಷಿ, ಆ ಸಾಲನ್ನು ಮೊದಲ ಸಲ ಕೇಳುತ್ತಿರುವವನಿಗೆ ಸಿಗುವುದಿಲ್ಲ.

ಲಯದಲ್ಲೂ ಒಂದು ಗುಟ್ಟಿದೆ. ಒಂದು ಮಾತ್ರೆಯೊಳಗೆ ಎರಡು ಸ್ವರ ಬಂದರೆ ಜಾಝ್‌ನಲ್ಲಿ ಅವನ್ನು ಸಮ ಪಾಲು ಮಾಡುವುದಿಲ್ಲ. ತಿಶ್ರದಲ್ಲಿ ಎಣಿಸಿದ ಹಾಗೆ ಮೊದಲನೆಯದಕ್ಕೆ ಹೆಚ್ಚುಕಡಿಮೆ ಎರಡು ಪಾಲು, ಎರಡನೆಯದಕ್ಕೆ ಒಂದು. ಸ್ವಿಂಗ್ ಎನ್ನುವುದು ಇದನ್ನೇ. 'ಜಿಂಗಲ್ ಬೆಲ್ಸ್' ಅನ್ನು ಶಾಲೆಯ ಮಕ್ಕಳು ಲೆಫ್ಟ್‌-ರೈಟ್ ಎಂದು ಹೆಜ್ಜೆ ಹಾಕುವಂತೆ ಹಾಡುತ್ತಾರೆ. ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ 1960ರ ತನ್ನ ಕ್ರಿಸ್‌ಮಸ್ ಆಲ್ಬಂನಲ್ಲಿ ಅದನ್ನೇ ಹಾಡಿದಾಗ ಹೆಜ್ಜೆ ಹಾಕುವ ಕಾಲು ತಾನಾಗಿ ಕುಣಿಯಲು ತೊಡಗುತ್ತದೆ. ಸ್ವರಗಳು ಬಹುಪಾಲು ಅವೇ, ನಡಿಗೆ ಮಾತ್ರ ಬೇರೆ.

ಈಗ ಹಾಡುಗಳ ಕಡೆ. ಜಾಝ್‌ನವರು 'ಸ್ಟ್ಯಾಂಡರ್ಡ್' ಎಂದು ಕರೆಯುವ ನೂರಾರು ಹಾಡುಗಳು ಹುಟ್ಟಿದ್ದು 1920ರಿಂದ 1950ರವರೆಗೆ, ನ್ಯೂಯಾರ್ಕಿನ ನಾಟಕರಂಗದ ಮತ್ತು ಹಾಲಿವುಡ್ಡಿನ ವೃತ್ತಿಪರ ಹಾಡುಗಾರಿಕೆಯ ಕಾರ್ಖಾನೆಯಲ್ಲಿ. ಇವತ್ತು ನಾವು ಕ್ರಿಸ್‌ಮಸ್ ಹಾಡು ಎನ್ನುವ ಬಹುತೇಕ ಹಾಡುಗಳೂ ಅದೇ ಕಾರ್ಖಾನೆಯ ಸರಕು. 'ವಿಂಟರ್ ವಂಡರ್‌ಲ್ಯಾಂಡ್' 1934, 'ಸಾಂಟಾ ಕ್ಲಾಸ್ ಈಸ್ ಕಮಿಂಗ್ ಟು ಟೌನ್' ಕೂಡ 1934, 'ವೈಟ್ ಕ್ರಿಸ್‌ಮಸ್' 1942ರ ಧ್ವನಿಮುದ್ರಿಕೆ. ಬರೆದವರಲ್ಲಿ ಅನೇಕರು ಯಹೂದಿಗಳು, ಅಂದರೆ ಅದು ಅವರ ಧರ್ಮದ ಹಬ್ಬವೇ ಅಲ್ಲ. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ಇರ್ವಿಂಗ್ ಬರ್ಲಿನ್ 'ವೈಟ್ ಕ್ರಿಸ್‌ಮಸ್'ಗೆ ಮೊದಲು ಬರೆದ ಪೀಠಿಕೆಯ ಸಾಲುಗಳಲ್ಲಿ ಹಿಮವೇ ಇಲ್ಲ. ಕ್ಯಾಲಿಫೋರ್ನಿಯಾದ ಬಿಸಿಲು ಮತ್ತು ತಾಳೆಮರಗಳ ನಡುವೆ ಕುಳಿತು ಉತ್ತರದ ಚಳಿಗೆ ಹಂಬಲಿಸುವ ಮನುಷ್ಯನ ಮಾತು ಅದು. ಜನ ಹಾಡುವಾಗ ಆ ಪೀಠಿಕೆ ಉದುರಿಹೋಯಿತು, ಹಂಬಲ ಉಳಿಯಿತು.

1945ರ ಜುಲೈ ಇನ್ನೂ ತಮಾಷೆಯದು. ಲಾಸ್ ಏಂಜಲಿಸ್‌ನಲ್ಲಿ ಬಿಸಿಲು ಸುಡುತ್ತಿತ್ತು. ಗಾಯಕ ಮೆಲ್ ಟಾರ್ಮೆ ತನ್ನ ಜೊತೆಗಾರ ಬಾಬ್ ವೆಲ್ಸ್ ಮನೆಗೆ ಹೋದರೆ, ಪಿಯಾನೊದ ಮೇಲಿದ್ದ ನೋಟ್‌ಪುಸ್ತಕದಲ್ಲಿ ಸುಟ್ಟ ಚೆಸ್ಟ್‌ನಟ್, ಮೂಗು ಚಿವುಟುವ ಚಳಿ ಎಂದೆಲ್ಲ ನಾಲ್ಕು ಸಾಲು ಗೀಚಿದ್ದವು. ಸೆಕೆ ತಡೆಯಲಾರದೆ, ಚಳಿಯ ವಿಷಯ ಬರೆದರಾದರೂ ತಂಪಾದೀತೇನೋ ಎಂದು ವೆಲ್ಸ್ ಬರೆದುಕೊಂಡದ್ದಂತೆ. ಮುಕ್ಕಾಲು ಗಂಟೆಯೊಳಗೆ 'ದ ಕ್ರಿಸ್‌ಮಸ್ ಸಾಂಗ್' ಮುಗಿದಿತ್ತು. ಅದೇ ತಿಂಗಳು, ಅದೇ ಸೆಕೆಯಲ್ಲಿ, ಹಾಲಿವುಡ್ಡಿನಲ್ಲೇ ಇನ್ನಿಬ್ಬರು ಕುಳಿತು 'ಲೆಟ್ ಇಟ್ ಸ್ನೋ' ಬರೆದರು.

ಆ 'ಕ್ರಿಸ್‌ಮಸ್ ಸಾಂಗ್' ಅನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಎಂಟು ಬಾರ್‌ನ ಒಂದು ಭಾಗ. ಅದೇ ಮಟ್ಟಿನಲ್ಲಿ ಮತ್ತೊಮ್ಮೆ. ಮೂರನೆಯ ಎಂಟು ಬಾರ್‌ಗೆ ಬೇರೆ ಮಟ್ಟು, ಬೇರೆ ಬೆಳಕು. ನಾಲ್ಕನೆಯದರಲ್ಲಿ ಮೊದಲಿನದಕ್ಕೇ ವಾಪಸ್. ಒಟ್ಟು 32. ಜಾಝ್ ಸ್ಟ್ಯಾಂಡರ್ಡ್‌ಗಳ ಮಾಮೂಲಿ ನಕ್ಷೆಯೇ ಇದು. ಮೊದಲ ಪದದಲ್ಲೇ ದನಿ ಒಂದು ಇಡೀ ಸ್ಥಾಯಿ ಮೇಲಕ್ಕೆ ಜಿಗಿಯುತ್ತದೆ, ಅಡಿಯಲ್ಲಿ ಕಾರ್ಡ್‌ಗಳು ಹೆಜ್ಜೆಹೆಜ್ಜೆಗೂ ಬದಲಾಗುತ್ತಾ ಹೋಗುತ್ತವೆ. ಜಾಝ್ ಪಿಯಾನಿಸ್ಟನಿಗೆ ಇದಕ್ಕಿಂತ ಒಳ್ಳೆಯ ಆಟದ ಬಯಲು ಬೇಕಿಲ್ಲ. ಇದನ್ನು ಮನೆಮಾತಾಗಿಸಿದ ನ್ಯಾಟ್ ಕಿಂಗ್ ಕೋಲ್ ಮೊದಲಿಗೆ ಹೆಸರು ಮಾಡಿದ್ದೂ ಜಾಝ್ ಪಿಯಾನಿಸ್ಟ್ ಆಗಿಯೇ. 1946ರ ಜೂನ್‌ನಲ್ಲಿ ಪಿಯಾನೊ, ಗಿಟಾರ್, ಬೇಸ್ ಮಾತ್ರವಿದ್ದ ತನ್ನ ಮೂವರ ತಂಡದೊಂದಿಗೆ ಹಾಡಿದ. ಆಮೇಲೆ ಪಿಟೀಲುಗಳು ಬೇಕು ಎಂದು ಹಟ ಹಿಡಿದು ಆಗಸ್ಟ್‌ನಲ್ಲಿ ಮತ್ತೆ ಹಾಡಿ ಅದನ್ನೇ ಬಿಡುಗಡೆ ಮಾಡಿಸಿದ. 1953ರಲ್ಲಿ ಇನ್ನೊಮ್ಮೆ, 1961ರಲ್ಲಿ ಸ್ಟೀರಿಯೊದಲ್ಲಿ ಮತ್ತೊಮ್ಮೆ. ಇವತ್ತು ಎಲ್ಲ ಕಡೆ ಕೇಳಿಸುವುದು ಆ ಕೊನೆಯದು.

ಜೂನ್, ಆಗಸ್ಟ್ ಎಂದಾಗ ಹುಬ್ಬೇರಿಸಬೇಡಿ. ಡಿಸೆಂಬರಿಗೆ ಅಂಗಡಿಯಲ್ಲಿ ಇರಬೇಕಾದ ರೆಕಾರ್ಡು ಬೇಸಿಗೆಯಲ್ಲೇ ತಯಾರಾಗಬೇಕಿತ್ತು: ಒತ್ತಬೇಕು, ಹೊದಿಕೆ ಮುದ್ರಿಸಬೇಕು, ಊರೂರಿಗೆ ಕಳಿಸಬೇಕು. ಎಲಾ ತನ್ನ ಆಲ್ಬಂ ಹಾಡಿದ್ದು ನ್ಯೂಯಾರ್ಕಿನ ಜುಲೈ ಮತ್ತು ಆಗಸ್ಟ್‌ನಲ್ಲಿ. ಹಬ್ಬದ ಸಡಗರವೆಲ್ಲ ಸ್ಟುಡಿಯೊದ ಬಿಸಿಯಲ್ಲಿ ಬೆವರು ಒರೆಸಿಕೊಂಡು ತಯಾರಾದದ್ದು.

ದುಡ್ಡಿನ ಲೆಕ್ಕ ಹೀಗೆ. ಅಮೆರಿಕದ 1909ರ ಕಾಯ್ದೆ ಪ್ರಕಾರ ಒಂದು ಹಾಡು ಒಮ್ಮೆ ಮಾಲೀಕರ ಒಪ್ಪಿಗೆಯಿಂದ ಧ್ವನಿಮುದ್ರಣವಾದರೆ ಸಾಕು, ಆಮೇಲೆ ಯಾರು ಬೇಕಾದರೂ ಅದನ್ನು ಹಾಡಿ ರೆಕಾರ್ಡು ಮಾಡಬಹುದು, ಮತ್ತೆ ಅನುಮತಿ ಬೇಡ. ಮಾರಾಟವಾದ ಪ್ರತಿಗೆ, ಹಾಡೊಂದಕ್ಕೆ ಎರಡು ಸೆಂಟ್ ಕೊಟ್ಟರಾಯಿತು. ಆ ಎರಡು ಸೆಂಟ್ 1978ರವರೆಗೂ ಬದಲಾಗಲಿಲ್ಲ. 'ಸೈಲೆಂಟ್ ನೈಟ್'ನಂಥ ಹಳೆಯ ಕ್ಯಾರಲ್‌ಗಳಿಗೆ ಅದೂ ಇಲ್ಲ, ಅವು ಊರಿನ ಬಾವಿಯ ನೀರು. ಇನ್ನೊಂದು ಲಾಭ, ಮಾಮೂಲಿ ಜಾಝ್ ರೆಕಾರ್ಡು ಬಂದ ವರ್ಷ ಒಂದಷ್ಟು ಮಾರಾಟವಾಗಿ ಮೂಲೆ ಸೇರುತ್ತದೆ. ಕ್ರಿಸ್‌ಮಸ್ ರೆಕಾರ್ಡು ಮಾವಿನ ಮರದಂತೆ, ಪ್ರತಿ ವರ್ಷ ಫಲ ಬಿಡುತ್ತದೆ. ಹಾಗಾಗಿ ಕಂಪನಿಗಳು ಕಲಾವಿದರ ಬೆನ್ನು ಬಿದ್ದವು. 1961ರಲ್ಲಿ ಪಿಯಾನೊದ ರ್‍ಯಾಮ್ಸಿ ಲೂಯಿಸ್, 1964ರಲ್ಲಿ ಆರ್ಗನ್ನಿನ ಜಿಮ್ಮಿ ಸ್ಮಿತ್, 1966ರಲ್ಲಿ ಗಿಟಾರಿನ ಕೆನ್ನಿ ಬರೆಲ್ ಹೀಗೆ ಸಾಲುಸಾಲು.

ಎಲ್ಲರೂ ನಗುನಗುತ್ತಾ ಒಪ್ಪಲಿಲ್ಲ. 1962ರಲ್ಲಿ ಕೊಲಂಬಿಯಾ ಕಂಪನಿ ಒಂದು ಸಂಕಲನಕ್ಕೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನನ್ನೂ ಕೇಳಿತು. ಕ್ರಿಸ್‌ಮಸ್ ಎಂದರೆ ಆತನಿಗೆ ಅಷ್ಟಕ್ಕಷ್ಟೇ. ಗಾಯಕ ಬಾಬ್ ಡೊರೊನನ್ನು ಕರೆಸಿ, ಹಬ್ಬದ ವ್ಯಾಪಾರವನ್ನೇ ಬೈಯುವ 'ಬ್ಲೂ ಕ್ರಿಸ್‌ಮಸ್' ಎಂಬ ಹಾಡು ಮಾಡಿ ಕೊಟ್ಟ. ವ್ಯಾಪಾರಕ್ಕೆಂದೇ ಮಾಡಿದ ರೆಕಾರ್ಡಿನಲ್ಲಿ ವ್ಯಾಪಾರದ ನಿಂದೆ! ಕಂಪನಿ ಅದನ್ನೂ ಸಂಕಲನಕ್ಕೆ ಹಾಕಿ ಮಾರಿತು. ಜಾಝ್ ಸಂಯೋಜಕರಾದ ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ 1960ರಲ್ಲಿ ಹಿಡಿದ ದಾರಿ ಇನ್ನೂ ಜಾಣತನದ್ದು. ಡಿಸೆಂಬರ್ ಬಂತೆಂದರೆ ಅಮೆರಿಕದ ಊರೂರಲ್ಲಿ ಆಡುವ ಚೈಕೊವ್‌ಸ್ಕಿಯ 'ನಟ್‌ಕ್ರ್ಯಾಕರ್' ಬ್ಯಾಲೆಯ ಸಂಗೀತವನ್ನೇ ಎತ್ತಿಕೊಂಡರು. ಸಕ್ಕರೆ ಅಪ್ಸರೆಯ ನೃತ್ಯವಿದೆಯಲ್ಲ, ಮೂಲದಲ್ಲಿ ಗಾಜಿನ ಗಂಟೆಯಂತೆ ಕಿಣಿಕಿಣಿ ಎನ್ನುವ ಸೆಲೆಸ್ಟಾ ವಾದ್ಯದ್ದು. ಇಲ್ಲಿ ಅದು ಪಾಲ್ ಗೊನ್ಸಾಲ್ವಿಸ್‌ನ ಟೆನರ್ ಸ್ಯಾಕ್ಸಫೋನಿಗೆ ಬಂದು, ಸೊಂಟ ಬಳುಕಿಸಿ ತಡರಾತ್ರಿ ಮನೆಗೆ ನಡೆದು ಬರುವವಳ ಹಾಗೆ ನಿಧಾನವಾಗಿ ಸಾಗುತ್ತದೆ. ಹೆಸರು ಬದಲಾಗಿ 'ಶುಗರ್ ರಮ್ ಚೆರ್ರಿ'. ನನ್ನನ್ನು ಕೇಳಿದರೆ ಈ ಇಡೀ ಜಾತಿಯಲ್ಲಿ ಇದಕ್ಕೆ ಸಾಟಿಯಿಲ್ಲ.

ಮಾರಾಟದ ದೃಷ್ಟಿಯಿಂದ ನೋಡಿದರೆ ಇವರೆಲ್ಲ ಸ್ಯಾಕ್ಸಫೋನಿನ ಕೆನ್ನಿ ಜಿ ಎದುರು ಬಡವರು. ಆತನ 1994ರ ಕ್ರಿಸ್‌ಮಸ್ ಆಲ್ಬಂಗೆ ಅಮೆರಿಕದಲ್ಲಿ 80 ಲಕ್ಷ ಪ್ರತಿಗಳ ಪ್ರಮಾಣಪತ್ರವಿದೆ. ಅದು ಜಾಝ್ ಹೌದೋ ಅಲ್ಲವೋ ಎಂದು ಜಗಳ ತೆಗೆದರೆ ರಾತ್ರಿ ಕಳೆಯುತ್ತದೆ. ಕದ್ರಿ ಗೋಪಾಲನಾಥರ ಸ್ಯಾಕ್ಸಫೋನ್ ಕೇಳಿ ಬೆಳೆದ ನನ್ನ ಕಿವಿಗೆ ಅದು ಸಕ್ಕರೆ ಜಾಸ್ತಿಯಾದ ಕಾಫಿ, ಅಷ್ಟೇ.

ಯಾವುದು ಕ್ರಿಸ್‌ಮಸ್ ಹಾಡು ಎಂದು ತೀರ್ಮಾನಿಸುವುದು ಬರೆದವರಲ್ಲ, ಕೇಳುವವರು. ಇದು ಕೇಳುಗರ ಅಭ್ಯಾಸದ ಮೊದಲ ಸಂಗತಿ. 1857ರಲ್ಲಿ ಅಚ್ಚಾದ 'ಜಿಂಗಲ್ ಬೆಲ್ಸ್'ನಲ್ಲಿ ಕ್ರಿಸ್‌ಮಸ್ ಎಂಬ ಪದವೇ ಇಲ್ಲ. ಅದು ಹಿಮದ ಮೇಲೆ ಕುದುರೆ ಗಾಡಿ ಓಡಿಸುವ ಹುಡುಗರ ಹಾಡು. 'ಲೆಟ್ ಇಟ್ ಸ್ನೋ'ದಲ್ಲೂ ಇಲ್ಲ. 'ಮೈ ಫೇವರಿಟ್ ಥಿಂಗ್ಸ್' 1959ರ ಒಂದು ಸಂಗೀತ ನಾಟಕದ್ದು, ಹಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದರಲ್ಲಿ ಉಣ್ಣೆಯ ಕೈಗವಸು, ದಾರ ಕಟ್ಟಿದ ಕಾಗದದ ಪೊಟ್ಟಣ, ಹಿಮದ ಹರಳು ಬರುತ್ತವೆ. 1960ರ ದಶಕದಲ್ಲಿ ಗಾಯಕರು ಅದನ್ನು ಕ್ರಿಸ್‌ಮಸ್ ಆಲ್ಬಂಗಳಿಗೆ ಸೇರಿಸತೊಡಗಿದರು, ಜನ ಒಪ್ಪಿಕೊಂಡರು. ಹೀಗಾಗಿ ಜಾನ್ ಕೋಲ್ಟ್ರೇನ್ ಅದರ ಮೇಲೆ ಸೊಪ್ರಾನೊ ಸ್ಯಾಕ್ಸಫೋನಿನಲ್ಲಿ ಸುಮಾರು 14 ನಿಮಿಷ ಮಾಡಿದ ಧ್ಯಾನವೂ ಈಗ ಡಿಸೆಂಬರಿನ ಪಟ್ಟಿಗಳಲ್ಲಿ ಕಾಣಿಸುತ್ತದೆ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಹಬ್ಬದ ಹಾಡಿನಲ್ಲಿ ಜನರಿಗೆ ಹೊಸದು ಬೇಡ. ಸ್ವಾತಂತ್ರ್ಯ ದಿನಕ್ಕೆ ಬೆಳಗ್ಗೆ ಬರುವ ಹಾಡು ಅದೇ ದನಿಯಲ್ಲಿ ಬರಬೇಕು ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಂಗ್ ಕ್ರಾಸ್ಬಿಯ 'ವೈಟ್ ಕ್ರಿಸ್‌ಮಸ್' ಎಷ್ಟು ಪ್ರತಿ ಒತ್ತಲ್ಪಟ್ಟಿತೆಂದರೆ 1942ರ ಮೂಲ ಅಚ್ಚೇ ಸವೆದುಹೋಯಿತು. 1947ರ ಮಾರ್ಚ್‌ನಲ್ಲಿ ಅದೇ ವಾದ್ಯವೃಂದ, ಅದೇ ಮೇಳದವರನ್ನು ಮತ್ತೆ ಸೇರಿಸಿ, ಹಳೆಯದನ್ನೇ ಆದಷ್ಟೂ ಹೋಲುವಂತೆ ಕ್ರಾಸ್ಬಿ ಇನ್ನೊಮ್ಮೆ ಹಾಡಿದ. ಜಾಝ್ ಹಿನ್ನೆಲೆಯಿಂದ ಬಂದ ಗಾಯಕ ತನ್ನನ್ನೇ ತಾನು ನಕಲು ಮಾಡಬೇಕಾಯಿತು.

ರೇಡಿಯೊದವರು ಈ ನಾಡಿ ಹಿಡಿದಿದ್ದಾರೆ. ನವೆಂಬರ್ ಬಂದರೆ ಅಮೆರಿಕದ ನೂರಾರು ಕೇಂದ್ರಗಳು ಉಳಿದೆಲ್ಲ ಬಿಟ್ಟು ಹಗಲು ರಾತ್ರಿ ಕ್ರಿಸ್‌ಮಸ್ ಹಾಡುಗಳನ್ನಷ್ಟೇ ಹಾಕುತ್ತವೆ, ಕೇಳುವವರ ಸಂಖ್ಯೆ ಏರುತ್ತದೆ. ಬದಲಾಗಿರುವುದು ಅಭ್ಯಾಸವಲ್ಲ, ಅದನ್ನು ಅಳೆಯುವ ಸೇರು. ಮೊದಲು ಜನಪ್ರಿಯತೆಯ ಪಟ್ಟಿಗೆ ಲೆಕ್ಕವಾಗುತ್ತಿದ್ದದ್ದು ಕೊಂಡದ್ದು ಮತ್ತು ರೇಡಿಯೊ ನುಡಿಸಿದ್ದು. ಅಜ್ಜ ಕೊಂಡ ರೆಕಾರ್ಡನ್ನು ಮೊಮ್ಮಗಳು ಮನೆಯಲ್ಲಿ ನೂರು ಸಲ ಹಾಕಿದರೂ ಅದು ಲೆಕ್ಕಕ್ಕಿರಲಿಲ್ಲ. ಸ್ಟ್ರೀಮಿಂಗ್ ಬಂದ ಮೇಲೆ ಪ್ರತಿ ಸಲ ಕೇಳಿದ್ದೂ ಲೆಕ್ಕ. ಹಾಗಾಗಿಯೇ ಬ್ರೆಂಡಾ ಲೀ 13ನೆಯ ವಯಸ್ಸಿನಲ್ಲಿ, 1958ರಲ್ಲಿ ಹಾಡಿದ ಹಾಡು 2023ರ ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಆಗ ಆಕೆಗೆ 78. ಜನವರಿ ಬಂದರೆ ಇಂಥ ಹಾಡುಗಳೆಲ್ಲ ಒಂದೇ ವಾರದಲ್ಲಿ ಪಟ್ಟಿಯಿಂದ ಮಾಯ. ದೀಪಾವಳಿಯ ಮರುದಿನದ ಆಕಾಶಬುಟ್ಟಿಯ ಕತೆಯೇ.

ಅಂಗಡಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ಇದನ್ನೇ ಕೇಳುವವರ ಪಾಡು ಬೇರೆ. ಗೊತ್ತಿರುವ ಹಾಡು ಮತ್ತೆ ಮತ್ತೆ ಕೇಳಿದಷ್ಟೂ ಮೊದಲು ಹಿತವಾಗುತ್ತದೆ, ಒಂದು ಹಂತ ದಾಟಿದರೆ ತಲೆ ಚಿಟ್ಟು ಹಿಡಿಯುತ್ತದೆ. ಜಾಝ್ ಆವೃತ್ತಿಗಳು ಹೋಟೆಲು, ಕಾಫಿ ಅಂಗಡಿಗಳಲ್ಲಿ ಹೆಚ್ಚು ಬಾಳುವುದಕ್ಕೆ ಇದೂ ಕಾರಣವಿರಬೇಕು. ಹಾಡು ಬಂದು ತಲೆಬಾಗಿಲು ತಟ್ಟಿ, ಆಮೇಲೆ ಹಿತ್ತಿಲ ಕಡೆ ಹೋಗಿಬಿಡುತ್ತದೆ; ಕಿವಿಗೆ ಸ್ವಲ್ಪ ಪುರಸೊತ್ತು.

ಈ ಎರಡೂ ಎಳೆಗಳು, ಹೊಸದನ್ನು ಹುಡುಕುವ ಸಂಗೀತ ಮತ್ತು ಹಳೆಯದನ್ನೇ ಕೇಳುವ ಜನ, ಒಂದೇ ರೆಕಾರ್ಡಿನಲ್ಲಿ ಗಂಟು ಬಿದ್ದದ್ದು 1965ರಲ್ಲಿ. ಚಾರ್ಲ್ಸ್ ಶುಲ್ಟ್ಸ್‌ನ 'ಪೀನಟ್ಸ್' ವ್ಯಂಗ್ಯಚಿತ್ರ ಮಾಲೆಯನ್ನು ಟಿವಿಗೆ ತರಲು ಹೊರಟಿದ್ದ ನಿರ್ಮಾಪಕ ಲೀ ಮೆಂಡೆಲ್‌ಸನ್, ಅದಕ್ಕೂ ಮೊದಲೊಮ್ಮೆ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದಾಗ ರೇಡಿಯೊದಲ್ಲಿ ಒಂದು ಪಿಯಾನೊ ಕೇಳಿ ಬೆರಗಾಗಿದ್ದ. ನುಡಿಸಿದವನು ಅದೇ ಊರಿನ ವಿನ್ಸ್ ಗರಾಲ್ಡಿ. ಆತನನ್ನೇ ಹುಡುಕಿ ಹಿಡಿದ. ಮಕ್ಕಳ ಕಾರ್ಟೂನಿಗೆ ಜಾಝ್ ಯಾಕೆ ಎಂದು ಸಿಬಿಎಸ್ ಟಿವಿ ವಾಹಿನಿಯ ಅಧಿಕಾರಿಗಳು ಮುಖ ಸಿಂಡರಿಸಿದರು. ಡಿಸೆಂಬರ್ 9ರಂದು ಕಾರ್ಯಕ್ರಮ ಬಂದಾಗ ದೇಶದಲ್ಲಿ ಆ ಹೊತ್ತಿಗೆ ಟಿವಿ ಹಾಕಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಅದನ್ನೇ ನೋಡಿದರು.

ಅದರ 'ಕ್ರಿಸ್‌ಮಸ್ ಟೈಮ್ ಈಸ್ ಹಿಯರ್' ಅನ್ನು ಒಮ್ಮೆ ಗಮನವಿಟ್ಟು ಕೇಳಿ. ಮಾತುಗಳು ಸಂತೋಷದವು, ಮೆಂಡೆಲ್‌ಸನ್ ಒಂದು ಲಕೋಟೆಯ ಬೆನ್ನಿಗೆ ಕೆಲವೇ ನಿಮಿಷದಲ್ಲಿ ಗೀಚಿದವು. ಆದರೆ ಸಂತೋಷದ ಮೊದಲ ಕಾರ್ಡ್ ಮುಗಿಯುತ್ತಿದ್ದಂತೆ ಎರಡನೆಯದು ಒಂದು ಇಡೀ ಮೆಟ್ಟಿಲು ಕೆಳಕ್ಕೆ ಜಾರುತ್ತದೆ, ಅದರೊಳಗೆ ಆ ಶ್ರುತಿಗೆ ಹೊರಗಿನವಾದ ಸ್ವರಗಳು ಕೂತಿರುತ್ತವೆ. ಹಬ್ಬದ ಮನೆಯಲ್ಲಿ ಎಲ್ಲರೂ ನಗುತ್ತಿರುವಾಗ ಯಾರೋ ಒಬ್ಬರು ಕಿಟಕಿಯ ಹೊರಗೆ ನೋಡಿದ ಹಾಗೆ. ಹಾಡಿದ್ದು ಸ್ಯಾನ್ ರಾಫೆಲ್‌ನ ಒಂದು ಚರ್ಚಿನ ಮಕ್ಕಳ ಮೇಳ. ಅಲ್ಲಲ್ಲಿ ಶ್ರುತಿ ಒಂದು ಕೂದಲೆಳೆ ಆಚೀಚೆ, ಅದನ್ನು ತಿದ್ದದೆ ಬಿಟ್ಟದ್ದೇ ಒಳ್ಳೆಯದಾಯಿತು.

ಆ ಆಲ್ಬಂನ ಮೊದಲ ಹಾಡು 'ಓ ಟಾನೆನ್‌ಬಾಮ್', ಹಳೆಯ ಜರ್ಮನ್ ಮಟ್ಟು. ಗರಾಲ್ಡಿ ಅದನ್ನು ಮೊದಲು ಒಬ್ಬನೇ, ತಾಳದ ಹಂಗಿಲ್ಲದೆ, ನಿಧಾನವಾಗಿ ನುಡಿಸುತ್ತಾನೆ. ಬೇಸ್ ಬಂದು, ಡ್ರಮ್ಮಿನ ಮೇಲೆ ಬ್ರಷ್ ಸವರುವ ಸದ್ದು ಬಂದ ಮೇಲೆ ಸ್ವಿಂಗ್. ಆಮೇಲೆ ಬೇಕರಿಯ ಹಿರಿಯರು ಹೇಳಿದ್ದು: ಎಲ್ಲಿಗೋ ಹೋಗುತ್ತದೆ. ಆ ಎಲ್ಲಿಗೋ ಎನ್ನುವುದು ಅವತ್ತು ಸ್ಟುಡಿಯೊದಲ್ಲಿ ಆ ಕ್ಷಣಕ್ಕೆ ಹೊಳೆದದ್ದು, ಮರುದಿನ ನುಡಿಸಿದ್ದರೆ ಬೇರೆಯೇ ಆಗುತ್ತಿತ್ತು. ಆದರೆ ಅರವತ್ತು ವರ್ಷ ಪ್ರತಿ ಡಿಸೆಂಬರಿನಲ್ಲಿ ಕೇಳಿ ಕೇಳಿ ಲಕ್ಷಾಂತರ ಜನರಿಗೆ ಈಗ ಆ ಕಲ್ಪನಾವಿಲಾಸವೇ ಬಾಯಿಪಾಠ. ಹೊಸಬರು ವೇದಿಕೆಯಲ್ಲಿ ಬೇರೆ ದಾರಿ ಹಿಡಿದರೆ ಸಭೆಗೆ ಏನೋ ತಪ್ಪಿದಂತೆ ಅನ್ನಿಸುತ್ತದೆ. ಗರಾಲ್ಡಿ 1976ರಲ್ಲಿ, 47ನೆಯ ವಯಸ್ಸಿನಲ್ಲಿ, ಕ್ಲಬ್ಬೊಂದರ ಕಾರ್ಯಕ್ರಮದ ಎರಡು ಭಾಗಗಳ ನಡುವಿನ ಬಿಡುವಿನಲ್ಲಿ ತೀರಿಕೊಂಡ. ಆ ರಾತ್ರಿಯ ಸೋಲೊಗಳು ಗಾಳಿಗೆ ಹೋದವು, 1965ರದ್ದು ಮಾತ್ರ ಕೀರ್ತನೆಯಂತೆ ಗಟ್ಟಿಯಾಗಿ ಕೂತಿತು.

ಗೊತ್ತಿರುವುದನ್ನು ಕಿಂಚಿತ್ತೂ ಕೆಡಿಸದೆ ತನ್ನದಾಗಿಸಿಕೊಳ್ಳುವ ಕಲೆಯಲ್ಲಿ ಸ್ಯಾಚ್ಮೋ ಎಂಬ ಅಡ್ಡಹೆಸರಿನ ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್‌ನನ್ನು ಮೀರಿಸಿದವರಿಲ್ಲ. 1971ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕರೋನಾದಲ್ಲಿದ್ದ ತನ್ನ ಮನೆಯಲ್ಲಿ ಟೇಪ್ ರೆಕಾರ್ಡರ್ ಮುಂದೆ ಕುಳಿತು, ಕ್ರಿಸ್‌ಮಸ್ ಹಿಂದಿನ ರಾತ್ರಿಯ ಬಗ್ಗೆ ಅಮೆರಿಕದ ಪ್ರತಿ ಮಗುವೂ ಕೇಳಿರುವ ಹಳೆಯ ಪದ್ಯವನ್ನು ಓದಿದ. ಟ್ರಂಪೆಟ್ ಇಲ್ಲ, ತಂಡ ಇಲ್ಲ, ಬರೀ ಆ ಗೊಗ್ಗರು ದನಿ. ಮಾರಾಟಕ್ಕೆ ಬಂದ ಅವನ ಧ್ವನಿಮುದ್ರಣಗಳಲ್ಲಿ ಅದೇ ಕೊನೆಯದು. ಜುಲೈ 6ರಂದು ತೀರಿಕೊಂಡ. ಎಲ್ಲರಿಗೂ ಶುಭರಾತ್ರಿ ಎಂದು ಪದ್ಯ ಮುಗಿಯುತ್ತದೆ. ಅವನಿಗೆ ಅಷ್ಟಕ್ಕೇ ನಿಲ್ಲಿಸಲು ಮನಸ್ಸು ಬರಲಿಲ್ಲ, ಪುಸ್ತಕದಲ್ಲಿಲ್ಲದ ಒಂದು ಸಾಲನ್ನು ಬಾಲಕ್ಕೆ ಸೇರಿಸಿದ. ಸ್ಯಾಚ್ಮೋ ಕಡೆಯಿಂದಲೂ ಅದೇ, ಎಂದು.